ಪೆಲಾಗಿಯಾ ಹಾಲ್ಚಾಕ್ ತನ್ನಪ್ಪನ ಸಾವನ್ನು ಹುಡುಕಿದ್ದು

ನಮ್ಮೂರಿನ ಸ್ಮಶಾನದ ಗುಡ್ಡದ ಮೇಲೆ ಹಿಮ ನಿಲ್ಲುವುದಿಲ್ಲ. ಸುತ್ತಲಿನ ಪೆನ್ಸಿಲ್ವೇನಿಯಾ ಬೆಟ್ಟಗಳೆಲ್ಲ ಬೆಳ್ಳಗೆ ಹೊದ್ದು ಮಲಗಿದ್ದಾಗಲೂ ಆ ಗುಡ್ಡ ಮಾತ್ರ ಕಪ್ಪಗೆ, ಒದ್ದೊದ್ದೆಯಾಗಿ ಕಾಣುತ್ತದೆ. ಕೆಳಗಿನ ಹಳೆಯ ಗಣಿಯಲ್ಲಿ ಕಲ್ಲಿದ್ದಲಿಗೆ ಬೆಂಕಿ ಹತ್ತಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಆರಿಸಲು ಬಂದವರೆಲ್ಲ ಕೈಚೆಲ್ಲಿ ಹೋದರು. ಬೆಂಕಿಗೇನು ಅವಸರ? ವರ್ಷಕ್ಕೆ ಇಷ್ಟಿಷ್ಟೇ ಗುಡ್ಡದ ಕಡೆಗೆ ಸರಿಯುತ್ತಿತ್ತು. ನನ್ನಜ್ಜನ ಗೋರಿಕಲ್ಲಿನ ಮೇಲೆ ಕೈಯಿಟ್ಟರೆ ಯಾರೋ ಆಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿರುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ನಾಲ್ಕರ ಶರತ್ಕಾಲದಲ್ಲಿ ಸರ್ಕಾರದವರು ಬಂದು, ಊರನ್ನು ಖಾಲಿ ಮಾಡಿಸುತ್ತೇವೆ, ಗೋರಿಗಳನ್ನೂ ಬೆಟ್ಟದಾಚೆಯ ಹೊಸ ಸ್ಮಶಾನಕ್ಕೆ ಸಾಗಿಸುತ್ತೇವೆ ಎಂದು ಸಾರಿದರು. ಆದರೆ ಒಂದು ಷರತ್ತು. ಗೋರಿಯಲ್ಲಿರುವವರ ಸಾವಿನ ದಾಖಲೆಯನ್ನು ಮನೆಯವರು ತಂದು ತೋರಿಸಬೇಕು. ದಾಖಲೆಯಿಲ್ಲದ ಗೋರಿಗಳು ಅಲ್ಲೇ ಉಳಿಯುತ್ತವೆ, ಮೇಲೆ ಜೇಡಿಮಣ್ಣು ಹೊಡೆದು ಗುಡ್ಡವನ್ನೇ ಮುಚ್ಚಿಬಿಡುತ್ತಾರೆ. ನವೆಂಬರಿನ ಕೊನೆಯ ಶುಕ್ರವಾರ ಸಂಜೆ ಐದು ಗಂಟೆಗೆ ಪಟ್ಟಿ ಮುಗಿಯುತ್ತದೆ.

ಈ ಷರತ್ತು ಕೇಳಿ ಇಡೀ ಊರಲ್ಲಿ ಒಬ್ಬಳಿಗೆ ಮಾತ್ರ ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ಆಕೆಯೇ ಪೆಲಾಗಿಯಾ ಹಾಲ್ಚಾಕ್. ಊರಿನ ಚಿಕ್ಕವರಿಗೆಲ್ಲ ಪೆಲಾ ತೆತಾ, ಅಂದರೆ ಪೆಲಾ ಅತ್ತೆ. ಆಗ ಎಪ್ಪತ್ತು ವರ್ಷ. ಅಂಗಿ ಕಾರ್ಖಾನೆಯಲ್ಲಿ ನಲವತ್ನಾಲ್ಕು ವರ್ಷ ಕಾಲರು ಹೊಲಿದು ಬೆನ್ನು ಬಾಗಿಸಿಕೊಂಡವಳು. ನಾನು ಯಾದ್ವಿಗಾ ಬರಾನ್, ಶಾಲೆಯ ಬಸ್ಸು ಓಡಿಸುವವಳು. ಆಕೆ ಹಂಗೇರಿಯ ಬೆಟ್ಟಗಳಿಂದ ವಲಸೆ ಬಂದ, ಪೂರ್ವಪಂಥದ ಕ್ರೈಸ್ತರಾದ ರುಸಿನರವಳು, ನಾನು ಪೋಲೆಂಡಿನಿಂದ ಬಂದ ಪೋಲರವಳು. ಒಂದೇ ಗುಡ್ಡದ ಮೇಲೆ ಬೇಲಿಯ ಆಚೆ ಅವರ ಸ್ಮಶಾನ, ಈಚೆ ನಮ್ಮದು. ಆರು ವರ್ಷ ಆಕೆಯನ್ನು ನನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಕಚೇರಿ ಕಚೇರಿ ಅಲೆದಿದ್ದೇನೆ. ಪುಣ್ಯಕ್ಕಲ್ಲ, ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ಅದೇ ವಾಸಿ ಎಂದು. ಆಮೇಲಾಮೇಲೆ ಆಕೆಯ ಹುಚ್ಚು ನನಗೂ ಹತ್ತಿತು.

ಆಕೆಯ ಅಪ್ಪ ವಾಸಿಲ್ ಹಾಲ್ಚಾಕ್ ಒಂಬತ್ತನೇ ನಂಬರಿನ ಗಣಿಕೇರಿಯಲ್ಲಿದ್ದ. ಸಾವಿರದ ಒಂಬೈನೂರ ಹದಿಮೂರರ ಡಿಸೆಂಬರ್ ಇಪ್ಪತ್ತೈದರ ಬೆಳಿಗ್ಗೆ "ಸಂಜೆ ಹೊತ್ತಿಗೆ ಬಂದ್ಬಿಡ್ತೀನಿ" ಎಂದು ಹೆಂಡತಿಗೆ ಹೇಳಿ ಹೋದವನು ಬರಲೇ ಇಲ್ಲ. ಹೆಂಡತಿ ಪರಾಸ್ಕಾಗೆ ಏಳು ತಿಂಗಳು ತುಂಬಿತ್ತು. ಬೆಟ್ಟದ ಕಡೆ ಮೊಲಕ್ಕೆ ಉರುಲು ಹಾಕಲು ಹೋಗಿರಬೇಕು ಎಂದು ನಾಲ್ಕು ದಿನ ಹಿಮ ಕೆದಕಿ ಹುಡುಕಿದರು. ಐದನೆಯ ದಿನ ಕೇರಿಯ ಜನ ಓಹಾಯೋಗೆ ಓಡಿಹೋದ ಎಂದು ತೀರ್ಪು ಕೊಟ್ಟರು. ಆ ವರ್ಷ ಹಾಗೆ ಇನ್ನಿಬ್ಬರು ಗಂಡಸರು ಓಡಿಹೋಗಿದ್ದರು, ಮೂರನೆಯವನನ್ನು ಸೇರಿಸುವುದು ಏನು ಮಹಾ!

ಪರಾಸ್ಕಾ ಮಾತ್ರ ಒಪ್ಪಲಿಲ್ಲ. ಓಡಿಹೋಗುವವನು ಒಳ್ಳೇ ಬೂಟು ಬಿಟ್ಟು ಹರಕು ಬೂಟು ಹಾಕ್ಕೊಂಡು ಹೋಗ್ತಾನೇನೇ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ಗಂಡನ ಹೆಸರಿನಲ್ಲಿ ಸತ್ತವರ ಪ್ರಾರ್ಥನೆ ಮಾಡಿಸಲು ಪ್ರತಿ ವರ್ಷ ಪಾದ್ರಿಯ ಹತ್ತಿರ ಹೋಗುತ್ತಿದ್ದಳು. ಪಾದ್ರಿಯದು ಒಂದೇ ಉತ್ತರ: "ಸತ್ತಿದ್ದಾನೆ ಅನ್ನೋದಕ್ಕೆ ಕಾಗದ ತಾರಮ್ಮ. ಬದುಕಿರೋವ್ನಿಗೆ ತಿಥಿ ಮಾಡಿದ್ರೆ ಪಾಪ ನನಗೆ ಸುತ್ಕೊಳ್ಳುತ್ತೆ." ಐವತ್ತೊಂದರಲ್ಲಿ ಪರಾಸ್ಕಾ ತೀರಿಕೊಂಡಾಗ ಎರಡು ಹೆಸರಿಗಾಗುವಷ್ಟು ಅಗಲದ ಕಲ್ಲು ಹಾಕಿಸಿಕೊಂಡಿದ್ದಳು. ಅರ್ಧದಲ್ಲಿ ಅವಳ ಹೆಸರು, ಇನ್ನರ್ಧ ಬೋಳು.

ಪೆಲಾಗಿಯಾ ಹುಟ್ಟಿದ್ದು ಫೆಬ್ರವರಿಯಲ್ಲಿ. ಹುಟ್ಟಿದಂದಿನಿಂದ ಅವಳು ಓಡಿಹೋದವನ ಮಗಳು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಗೊತ್ತಾಗಿದ್ದ ಮದುವೆಯನ್ನು ಹುಡುಗನ ತಾಯಿ ಮುರಿದಳಂತೆ. ಕಾರಣ ಕೇಳಿದ್ದಕ್ಕೆ, "ಆ ಮನೆ ರಕ್ತದಲ್ಲೇ ಓಟ ಇದೆ, ನಾಳೆ ಇವಳೂ ಓಡಿದ್ರೆ?" ಅಂದಳಂತೆ. ಪೆಲಾಗಿಯಾ ಅದನ್ನು ನನಗೆ ನಗುತ್ತಲೇ ಹೇಳಿದಳು. ಆದರೆ ಆ ಕತೆ ಹೇಳಿದ ದಿನ ಊಟ ಮಾಡಲಿಲ್ಲ. ಬೇರೆ ಮದುವೆಯ ಮಾತನ್ನೂ ಆಕೆ ಎತ್ತಲಿಲ್ಲ. ಅಪ್ಪ ಓಡಿಹೋಗಲಿಲ್ಲ, ಸತ್ತ. ಅದನ್ನು ಕಾಗದದ ಮೇಲೆ ತೋರಿಸಿ, ಅವನನ್ನು ಅಮ್ಮನ ಪಕ್ಕ ಮಲಗಿಸಬೇಕು. ಆಕೆಯ ಬದುಕಿಗೆ ಉಳಿದಿದ್ದು ಅದೊಂದೇ ಕೆಲಸ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹೊಸ ಸ್ಮಶಾನದಲ್ಲಿ ಜಾಗವಿಲ್ಲ, ಹಾಗಾಗಿ ಈಗ ಅದಕ್ಕೂ ಒಂದು ಶುಕ್ರವಾರ ಗೊತ್ತಾಗಿತ್ತು.

ಹುಡುಕುವುದು ಅಂದರೆ ಸುಮ್ಮನೇನಲ್ಲ. ಹಾಲ್ಚಾಕ್ ಎಂಬ ಹೆಸರನ್ನು ಅವರ ಪಾದ್ರಿ ಒಂದು ಲಿಪಿಯಲ್ಲಿ ಬರೆದ, ಹಡಗು ಹತ್ತಿಸಿದ ಹಂಗೇರಿಯ ಗುಮಾಸ್ತ ತನ್ನ ರೀತಿಯಲ್ಲಿ ಬರೆದ, ಇಲ್ಲಿ ಇಳಿದ ಮೇಲೆ ಗಣಿಯ ಗುಮಾಸ್ತ ಕಿವಿಗೆ ಬಿದ್ದಂತೆ ಗೀಚಿದ. ಹಾಲ್ಚಾಕ್, ಗಾಲ್ಚಾಕ್, ಹೋಲ್ಶಾಕ್, ಆಲ್ಸಿಕ್, ಹಾಲಿಚೆಕ್, ಕಾಲ್ಚಾ. ಪೆಲಾಗಿಯಾ ಕಾರ್ಖಾನೆಯ ಖಾಲಿ ಅಂಗಿ ಡಬ್ಬಗಳಲ್ಲಿ ಒಂದೊಂದು ಬರವಣಿಗೆಗೆ ಒಂದೊಂದು ಚೀಟಿ ಇಟ್ಟಿದ್ದಳು. ಮೂವತ್ತೇಳು ಚೀಟಿ. ಜಿಲ್ಲಾ ನ್ಯಾಯಾಲಯದ ದಾಖಲೆ ಕೋಣೆಗೆ ಹೋದಾಗ ಆಕೆ ಮೊದಲು ಮಾಡುತ್ತಿದ್ದ ಕೆಲಸ, ಹೆಸರನ್ನು ನಾನಾ ಬಗೆಯಲ್ಲಿ ಜೋರಾಗಿ ಹೇಳಿಕೊಳ್ಳುವುದು. ಮೂಗು ಕಟ್ಟಿದವನು ಹೇಳಿದರೆ ಹೇಗೆ, ಹಲ್ಲಿಲ್ಲದವನು ಹೇಳಿದರೆ ಹೇಗೆ, ಕುಡಿದವನು ಹೇಳಿದರೆ ಹೇಗೆ ಎಂದು.

"ಏನ್ ತೆತಾ, ಮಂತ್ರ ಹಾಕ್ತಿದೀರಾ?" ಎಂದು ಒಮ್ಮೆ ರೇಗಿಸಿದೆ.

"ಹೂಂ ಕಣೇ, ನಿನ್ನ ಬಾಯಿ ಮುಚ್ಸೋಕೆ. ಆಗ್ತಾನೇ ಇಲ್ಲ ನೋಡು," ಅಂದಳು, ಪುಟದಿಂದ ಕಣ್ಣೆತ್ತದೆ.

ಎಂಬತ್ತೊಂದರಲ್ಲಿ ಪಕ್ಕದ ಜಿಲ್ಲೆಯ ಸಾವಿನ ಪುಸ್ತಕದ ಹೆಸರುಪಟ್ಟಿಯಲ್ಲಿ "ವಾಸಿಲ್ ಹೋಲ್ಚಿಕ್, ಹದಿನಾಲ್ಕರ ಜನವರಿ" ಎಂದು ಸಿಕ್ಕಿತು. ಹಿಮ ಬೀಳುತ್ತಿದ್ದರೂ ಲೆಕ್ಕಿಸದೆ ಮೂರು ಗಂಟೆ ಕಾರು ಓಡಿಸಿದೆ. ಪೂರ್ತಿ ಪುಟ ತೆಗೆಸಿ ನೋಡಿದರೆ, ವಯಸ್ಸು ಮೂರು ವರ್ಷ, ಕಾರಣ ಗಂಟಲುಮಾರಿ. ಪೆಲಾಗಿಯಾ ಆ ಮಗುವಿನ ಹೆಸರನ್ನು ಬೇರೊಂದು ಚೀಟಿಯಲ್ಲಿ ಬರೆದುಕೊಂಡಳು. ಯಾಕೆ ಎಂದು ಕೇಳಿದ್ದಕ್ಕೆ, "ಪಾಪ, ಇದನ್ನ ಯಾರೂ ಹುಡುಕ್ಕೊಂಡು ಬಂದಿರಲ್ಲ," ಅಂದಳು.

ಕೊನೆಯ ವಾರ ಬಂತು. ಸೋಮವಾರ ಮಧ್ಯಾಹ್ನ ನಾನು ನನ್ನ ಮನೆಯ ಕಾಗದಗಳನ್ನು ಹಿಡಿದು ಆಕೆಯ ಅಡುಗೆಮನೆಗೆ ಹೋದೆ. ನನ್ನಜ್ಜ ಲುಡ್ವಿಕ್ ಬರಾನನ ಗೋರಿಯನ್ನು ಸಾಗಿಸುವ ಅರ್ಜಿ ತುಂಬಬೇಕಿತ್ತು, ಅರ್ಜಿ ತುಂಬುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಒಲೆಯ ಮೇಲೆ ಎಲೆಕೋಸಿನ ಸುರುಳಿ ಬೇಯುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಸರ್ಕಾರದವರು ಇಟ್ಟುಹೋಗಿದ್ದ, ವಿಷಗಾಳಿ ಅಳೆಯುವ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಅದು ಕೂಗಿಕೊಂಡರೆ ಎದ್ದುಬಿದ್ದು ಹೊರಗೋಡಬೇಕು. ನಾವು ಅದರ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆವು.

ಲುಡ್ವಿಕ್ ಅಜ್ಜ ನಮ್ಮ ಮನೆಯ ದೇವರು. ಗಣಿಯ ಆಳದಲ್ಲಿ ಪಂಪು ನೋಡಿಕೊಳ್ಳುತ್ತಿದ್ದವನು, ಕ್ರಿಸ್ಮಸ್ ದಿನವೂ ಕೆಲಸಕ್ಕೆ ಹೋಗಿ ಉಗಿಕೊಳವೆ ಒಡೆದು ಬೆಂದು ಸತ್ತ. ಪಂಪು ನಿಂತರೆ ಗಣಿಗೆ ನೀರು ತುಂಬುತ್ತದೆ, ಅದಕ್ಕೆ ಹಬ್ಬವಿಲ್ಲ ಹುಣ್ಣಿಮೆಯಿಲ್ಲ. ಅಜ್ಜಿ ಬ್ರೊನ್ಯಾ ಆಮೇಲೆ ಬೆಟ್ಟದಾಚೆಯ ಊರಿಗೆ ಹೋಗಿ ಆಂಟನಿ ಎಂಬಾತನನ್ನು ಮದುವೆಯಾದಳು. ಆಂಟನಿ ತಾತನನ್ನು ನಾನು ಕಂಡಿದ್ದೇನೆ. ನನ್ನ ಅಪ್ಪನಿಗೂ ಅವನಿಗೂ ಅಚ್ಚೊತ್ತಿದ ಹಾಗೆ ಹೋಲಿಕೆ. ಒಂದೇ ತಟ್ಟೆಯಲ್ಲಿ ಉಂಡವರಿಗೆ ಮುಖವೂ ಒಂದೇ ಆಗುತ್ತೆ ಎಂದು ಅಜ್ಜಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು, ಪೆದ್ದುಮುಂಡೇವು.

ಪೆಲಾಗಿಯಾ ಕನ್ನಡಕ ಏರಿಸಿ, ಲುಡ್ವಿಕ್ ಅಜ್ಜನ ಸಾವಿನ ದಾಖಲೆಯನ್ನೂ ಅದಕ್ಕೆ ಅಂಟಿಸಿದ್ದ ಪಂಚನಾಮೆ ಚೀಟಿಯನ್ನೂ ರೂಢಿಯಂತೆ ಜೋರಾಗಿ ಓದತೊಡಗಿದಳು. "ಲುಡ್ವಿಕ್ ಬರಾನ್. ಪಂಪಿನವನು. ಡಿಸೆಂಬರ್ ಇಪ್ಪತ್ತೈದು, ಹದಿಮೂರು. ಮುಖ ಗುರುತು ಸಿಗದಷ್ಟು ಬೆಂದಿದೆ. ಗುರುತು ಹಿಡಿದದ್ದು ಗಣಿಯ ಕೆಲಸಗಾರರ ಹಿತ್ತಾಳೆ ಬಿಲ್ಲೆಯಿಂದ, ನಂಬರು ಮುನ್ನೂರ ಹದಿನೆಂಟು. ಮೈಮೇಲೆ ಇದ್ದ ವಸ್ತು: ಒಂದು ಬಿಲ್ಲೆ. ಒಂದು ಹಿತ್ತಾಳೆ ಶಿಲುಬೆ, ಮೂರು ಅಡ್ಡಪಟ್ಟಿಯದು."

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ನಿಮ್ಮಜ್ಜ ನಮ್ಮ ಚರ್ಚಿಗೆ ಬರ್ತಿದ್ನಾ ಯಾದ್ವಿಗಾ?"

"ಥೂ, ಎಲ್ಲಾದ್ರೂ ಉಂಟಾ! ಅಪ್ಪಟ ಪೋಲ. ನಿಮ್ಮ ಚರ್ಚಿನ ನೆರಳು ಬಿದ್ರೂ ಮೈ ತೊಳ್ಕೊಳ್ಳೋ ಜನ ನಮ್ಮೋರು."

"ಹಾಗಾದ್ರೆ ಮೂರು ಅಡ್ಡಪಟ್ಟಿ ಶಿಲುಬೆ ಅವನ ಕೊರಳಲ್ಲಿ ಯಾಕಿತ್ತು?"

ನಮ್ಮ ಶಿಲುಬೆಗೆ ಒಂದೇ ಅಡ್ಡಪಟ್ಟಿ. ಮೂರು ಪಟ್ಟಿಯದನ್ನು ರುಸಿನರು ಮಾತ್ರ ಧರಿಸುತ್ತಾರೆ, ನಾಮಕರಣದ ದಿನ ಕಟ್ಟಿದ್ದನ್ನು ಸಾಯುವ ತನಕ ಬಿಚ್ಚುವುದಿಲ್ಲ. ಬರೆದುಕೊಂಡ ಅಧಿಕಾರಿ ಹೊರಗಿನವನು, ಅವನಿಗೆ ಮೂರೇನು, ಆರೇನು. ನಮ್ಮ ಮನೆಯಲ್ಲಿ ಆ ಚೀಟಿಯನ್ನು ಪ್ರಾರ್ಥನೆ ಪುಸ್ತಕದಲ್ಲಿಟ್ಟು ಪೂಜಿಸಿದೆವೇ ಹೊರತು ಓದಲಿಲ್ಲ.

"ಡಿಸೆಂಬರ್ ಇಪ್ಪತ್ತೈದು ನಿಮಗೆ ಹಬ್ಬ," ಅಂದಳು ಪೆಲಾಗಿಯಾ ನಿಧಾನವಾಗಿ. "ನಮಗಲ್ಲ. ಹಳೇ ಪಂಚಾಂಗದ ಲೆಕ್ಕ ನಮ್ಮದು, ಕ್ರಿಸ್ಮಸ್ ಜನವರಿ ಏಳು."

ಆಗ ನನಗೆ ಅರ್ಥವಾಯಿತು. ಹಳೆಯ ಗಣಿಕೇರಿಗಳಲ್ಲಿ ನಡೆಯುತ್ತಿದ್ದ ವಾಡಿಕೆ ಅದು, ಗಣಿ ಮುಚ್ಚಿದ ಮೇಲೆ ಮುದುಕರ ಬಾಯಿಂದ ನಮ್ಮೂರಿಗೆಲ್ಲ ತಿಳಿದದ್ದು. ನಮ್ಮ ಹಬ್ಬದ ದಿನ ರುಸಿನನೊಬ್ಬ ಪೋಲನ ಬಿಲ್ಲೆ ತೆಗೆದುಕೊಂಡು ಅವನ ಪಾಳಿಗೆ ಇಳಿಯುತ್ತಿದ್ದ. ಅವರ ಹಬ್ಬದ ದಿನ ಪೋಲ ಹೋಗಿ ಋಣ ತೀರಿಸುತ್ತಿದ್ದ. ಮೇಲಿನವರಿಗೆ ತಿಳಿಯಬಾರದು. ತಿಳಿದರೆ ಇಬ್ಬರಿಗೂ ಕೆಲಸ ಹೋಗುತ್ತದೆ, ಗಣಿಯವರ ಬಾಡಿಗೆ ಮನೆ ಮೂರು ದಿನದಲ್ಲಿ ಖಾಲಿ. ಹೆಂಗಸರು ಅಂಗಡಿಯಲ್ಲಿ ಬಾಯಿಬಿಟ್ಟಾರೆಂದು ಹೆಂಡತಿಯರಿಗೂ ಹೇಳುತ್ತಿರಲಿಲ್ಲ.

"ಆ ಗೋರಿಯಲ್ಲಿರೋದು ನಮ್ಮಪ್ಪ," ಅಂದಳು ಪೆಲಾಗಿಯಾ.

ನಾನೇನು ಮಾಡಿದೆ ಗೊತ್ತೇ? ಹೇಳಲು ಈಗಲೂ ನಾಚಿಕೆ. ಕಾಗದಗಳನ್ನು ಆಕೆಯ ಕೈಯಿಂದ ಕಿತ್ತುಕೊಂಡೆ. "ನಿಮ್ಮಪ್ಪ ಓಡಿಹೋದ ಅಂತ ಇಡೀ ಊರಿಗೆ ಗೊತ್ತು! ಸಿಗಲಿಲ್ಲ ಅಂತ ಈಗ ನನ್ನಜ್ಜನ ಗೋರಿಗೆ ಕೈ ಹಾಕ್ತೀರಾ? ಒಂದು ಶಿಲುಬೆ ಯಾರಾದ್ರೂ ಕೊಟ್ಟಿರಬಹುದು, ದಾರೀಲಿ ಸಿಕ್ಕಿರಬಹುದು. ಹಾಗಾದ್ರೆ ನನ್ನಜ್ಜ ಎಲ್ಲಿ ಹೋದ, ಆವಿಯಾದ್ನಾ?"

"ಅದೇ ಕಣೇ ನಾನೂ ಕೇಳ್ತಿರೋದು," ಅಂದಳು ಆಕೆ. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಸ್ಸನ್ನು ಹಾಗೇ ಸರ್ಕಾರಿ ಕಚೇರಿಯ ಮುಂದೆ ನಿಲ್ಲಿಸಿದೆ. ಪಟ್ಟಿ ಬರೆಯುವ ಪ್ರಿಚರ್ಡ್ ಎಂಬಾತ ಒಳ್ಳೆಯವನೇ, ಆದರೆ ನಿಯಮದ ಮನುಷ್ಯ. ಸುಮ್ಮನೆ ಮಾತಿಗೆ ಎನ್ನುವಂತೆ ಕೇಳಿದೆ: "ದಾಖಲೆಯಲ್ಲಿ ಒಬ್ಬನ ಹೆಸರು, ಗೋರಿಯಲ್ಲಿ ಇನ್ನೊಬ್ಬ ಇದ್ರೆ ಏನ್ಮಾಡ್ತೀರಿ ಸರ್?"

"ದಾಖಲೆಯಲ್ಲಿರೋನ ಮಗ ಬದುಕಿದ್ರೆ, ಇವನು ನಮ್ಮಪ್ಪ ಅಲ್ಲ ಅಂತ ಅವನೇ ಪ್ರಮಾಣ ಮಾಡಿ ಸಹಿ ಹಾಕಬೇಕಮ್ಮ. ಮೊಮ್ಮಕ್ಕಳ ಸಹಿ ನಡೆಯಲ್ಲ. ಇಲ್ಲಾಂದ್ರೆ ಕಾಗದದಲ್ಲಿರೋ ಹೆಸರೇ ಹೆಸರು." ಜೊತೆಗೆ ಪ್ರಮಾಣದ ಖಾಲಿ ಕಾಗದವೊಂದನ್ನೂ ಕೈಗಿಟ್ಟ.

ಅಂದರೆ ಪೆಲಾಗಿಯಾಳ ಅಪ್ಪ ಪರಾಸ್ಕಾಳ ಪಕ್ಕಕ್ಕೆ ಹೋಗಬೇಕಿದ್ದರೆ ನನ್ನ ಅಪ್ಪನ ಸಹಿ ಬೇಕು. ಇಲ್ಲವಾದರೆ ಹೊಸ ಸ್ಮಶಾನದಲ್ಲೂ ಅವನು ಲುಡ್ವಿಕ್ ಬರಾನನೇ, ಪರಾಸ್ಕಾ ಗಂಡ ಬಿಟ್ಟವಳೇ. ಸುಮ್ಮನಿದ್ದುಬಿಡಬಹುದಿತ್ತು. ಯಾರು ಕೇಳುತ್ತಿದ್ದರು? ಬುಧವಾರವಿಡೀ ಸುಮ್ಮನಿದ್ದೆ ಕೂಡ. ಗುರುವಾರ ಬೆಳಿಗ್ಗೆ ಬಸ್ಸು ತಿರುಗಿಸುವಾಗ ಪೆಲಾಗಿಯಾ ಗುಡ್ಡದ ಮೇಲೆ ಕಂಡಳು. ಬೇಲಿ ದಾಟಿ ನಮ್ಮ ಕಡೆಗೆ ಬರುವ ಧೈರ್ಯವಿಲ್ಲದೆ, ತಮ್ಮ ಕಡೆ ನಿಂತು ತಂತಿಯ ಮೇಲಿಂದ ಆ ಗೋರಿಯನ್ನು ನೋಡುತ್ತಿದ್ದಳು. ಕಾಲ ಬುಡದಲ್ಲಿ ಹೊಗೆ ಏಳುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಅಪ್ಪನ ಹೆಸರು ಜಿಗ್ಮುಂಟ್. ಎಪ್ಪತ್ತೆರಡು ವರ್ಷ, ಗಣಿಧೂಳಿನಿಂದ ಶ್ವಾಸಕೋಶ ಕಲ್ಲಾಗಿ, ಬೆಟ್ಟದಾಚೆಯ ಮನೆಯಲ್ಲಿ ಆಮ್ಲಜನಕದ ಸಿಲಿಂಡರಿನ ಪಕ್ಕ ಕೂತಿರುತ್ತಿದ್ದ. ನಾನು ಕೋಟು ಕೂಡ ತೆಗೆಯದೆ ಕೇಳಿದೆ.

"ಅಪ್ಪಾ, ಆಂಟನಿ ತಾತ ಯಾರು?"

"ನಿಮ್ಮಜ್ಜಿಯ ಎರಡನೇ ಗಂಡ."

"ಮೊದಲನೇ ಗಂಡ?"

ಅಪ್ಪ ಟೀವಿ ಆರಿಸಿದ. ಎರಡು ಮೂರು ಸಲ ಉಸಿರೆಳೆದುಕೊಂಡ. "ಅವನೂ ಅವನೇ," ಅಂದ.

ನನಗೆ ಮೊದಲು ನಗು ಬಂತು. ನನ್ನಜ್ಜಿ ಒಬ್ಬ ಗಂಡನನ್ನು ಎರಡು ಸಲ ಮದುವೆಯಾದವಳು! ನಕ್ಕು ಮುಗಿಯುವಷ್ಟರಲ್ಲಿ ಅದರ ಅರ್ಥ ತಲೆಗಿಳಿದು, ಕೋಟಿನಲ್ಲೇ ಅವನೆದುರು ಕೂತೆ.

ಅಜ್ಜಿ ಸಾಯುವ ಮುಂಚೆ ಅಪ್ಪನಿಗೆ ಹೇಳಿದ್ದಳಂತೆ. ಅಂದು ಲುಡ್ವಿಕ್ ಮಗನನ್ನು ಎತ್ತಿಕೊಂಡು ಹಬ್ಬದ ಪೂಜೆಗೆ ಹೋಗಿದ್ದ. ಅವನ ಬಿಲ್ಲೆ ತೊಟ್ಟು ವಾಸಿಲ್ ಪಂಪಿಗೆ ಇಳಿದಿದ್ದ. ಮಧ್ಯಾಹ್ನ ಗಣಿಯ ಗಾಡಿ ಅಜ್ಜಿಯ ಬಾಗಿಲಿಗೆ ಬಂತು. ಸುಟ್ಟ ಮೈಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಸುತ್ತಿದ್ದ ಒಬ್ಬ ಮನುಷ್ಯನನ್ನು ಇಳಿಸಿ, "ನಿನ್ನ ಗಂಡ ಕಣಮ್ಮಾ" ಎಂದು ಹೇಳಿ ಹೋದರು. ಲುಡ್ವಿಕ್ ಹಿಂದಿನ ಬಾಗಿಲಿಂದ ಒಳಗೆ ಬಂದು ತನ್ನ ಹಾಸಿಗೆಯ ಮೇಲೆ ಮಲಗಿದ್ದವನನ್ನು ನೋಡಿದ. ನಿಜ ಹೇಳಿದರೆ ಮನೆ ಹೋಗುತ್ತದೆ, ಯಾವ ಗಣಿಯಲ್ಲೂ ಕೆಲಸ ಸಿಗುವುದಿಲ್ಲ. ಪಂಪು ತಿಳಿಯದವನನ್ನು ಪಂಪಿಗೆ ಕಳಿಸಿ ಕೊಂದ ಎಂದು ಜೈಲಿಗೂ ಹಾಕಬಹುದು. ಅವನು ಆ ದಿನವೇ ಬೆಟ್ಟ ದಾಟಿ ಆಂಟನಿಯಾದ. ಹೆಣವನ್ನು ಬರಾನ್ ಎಂದು ಹೂಳಿದರು. ಮೂರು ಮನೆಯಾಚೆಯ ಪರಾಸ್ಕಾ, ತನ್ನ ಗಂಡನನ್ನು ಹುಡುಕುವುದರ ನಡುವೆಯೂ, ವಿಧವೆಗೆಂದು ಗಸಗಸೆ ರೊಟ್ಟಿ ಮಾಡಿಕೊಂಡು ಬಂದಿದ್ದಳಂತೆ.

"ಅಜ್ಜಿ ತಿಂದಳಾ ಅದನ್ನ?"

"ತಿಂದಳು. ನನಗೂ ತಿನ್ನಿಸಿದಳಂತೆ."

ನಾನು ಪ್ರಿಚರ್ಡ್ ಕೊಟ್ಟಿದ್ದ ಕಾಗದ ಮುಂದಿಟ್ಟೆ. ಅಪ್ಪ ತಲೆಯಾಡಿಸಿದ. "ನಮ್ಮಪ್ಪನ ಹೆಸರು ನಾನು ಕೆಡಿಸಲ್ಲ."

"ಯಾವ ಹೆಸರು? ಎರಡಿದಾವಲ್ಲ, ಯಾವುದು ಕೆಡುತ್ತೆ ಹೇಳು, ಇನ್ನೊಂದನ್ನ ಇಟ್ಕೊಳ್ಳೋಣ!" ನನ್ನ ಬಾಯಿಗೆ ತಡೆ ಇರಲಿಲ್ಲ. "ನೀನು ಸಹಿ ಹಾಕು. ಇಲ್ಲಾಂದ್ರೆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲಾರ ಮುಂದೆ ನಾನೇ ಹೇಳ್ತೀನಿ. ಆ ಹೆಂಗಸಿಗೆ ಒಬ್ಬ ಗಂಡ ಸಿಗಲಿಲ್ಲ, ಒಂದು ಮಗು ಆಗಲಿಲ್ಲ, ನಮ್ಮಿಂದ. ನಾವು ಅವಳಪ್ಪನ ಗೋರಿಗೆ ಎಪ್ಪತ್ತು ವರ್ಷ ಮೊಂಬತ್ತಿ ಹಚ್ಚಿ ನಮ್ಮ ಅಜ್ಜ, ನಮ್ಮ ಅಜ್ಜ ಅಂತ ಜಂಬ ಕೊಚ್ಚಿದೀವಿ. ಸಾಕು."

ಅಪ್ಪ ಸಿಲಿಂಡರಿನ ಮುಳ್ಳು ನೋಡಿದ. ಆಮೇಲೆ ಕನ್ನಡಕ ಕೇಳಿದ. ಪಕ್ಕದ ಮನೆಯ ವಕೀಲನನ್ನು ಕರೆದು ತಂದೆ. ಅಪ್ಪ ಅವನ ಎದುರಿಗೇ ಪ್ರಮಾಣ ಮಾಡಿ ಸಹಿ ಹಾಕಿದ. ವಕೀಲ ಹೋದ ಮೇಲೆ ನಾನು ಬಾಗಿಲು ದಾಟಬೇಕು, ಅಪ್ಪ ನನ್ನ ತೋಳು ಹಿಡಿದುಕೊಂಡ.

"ಇನ್ನೊಂದು ಮಾತಿದೆ. ನಿನಗೆ ಹೇಳ್ತೀನಿ, ಅವಳಿಗೆ ಹೇಳಬೇಡ. ಗಾಡಿಯವರು ತಂದಾಗ ಅವನು ಸತ್ತಿರಲಿಲ್ಲ."

"ಏನಂದೆ?"

"ಮಧ್ಯಾಹ್ನದಿಂದ ರಾತ್ರಿ ಒಂಬತ್ತರ ತನಕ ಇದ್ದ. ಹೆಂಡತಿ ಹೆಸರು ಹೇಳಿ ಕೂಗ್ತಾನೇ ಇದ್ದ. ಹಲಗೆ ಮನೆಗಳು, ಹೊರಗೆ ಕೇಳಿಸುತ್ತೆ ಅಂತ ನಮ್ಮಮ್ಮ ಹಬ್ಬದ ಹಾಡು ಹೇಳೋಕೆ ಶುರು ಮಾಡಿದಳು. ಅವನು ಜೋರಾಗಿ ಕೂಗಿದಷ್ಟೂ ಇವಳು ಜೋರಾಗಿ ಹಾಡಿದಳು. ಅವನು ಸುಮ್ಮನಾಗೋ ತನಕ."

ಬೆಟ್ಟ ಹೇಗೆ ದಾಟಿದೆನೋ ನನಗೆ ನೆನಪಿಲ್ಲ. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುತ್ತಿದ್ದ ಅಜ್ಜಿ ಅವಳು. ಎಷ್ಟು ಸಿಹಿ ಕಂಠ! ಈ ಮಾತನ್ನು ಪೆಲಾಗಿಯಾಗೆ ಹೇಳುವುದಿಲ್ಲ ಎಂದು ನಿರ್ಧರಿಸಿದೆ. ಅಪ್ಪ ಹೇಳಿದ್ದಕ್ಕಲ್ಲ. ಎಪ್ಪತ್ತರ ಮುದುಕಿಗೆ ಅದೊಂದು ಯಾಕೆ ಬೇಕು? ಕಾಗದ ಸಿಕ್ಕಿತು, ಅಪ್ಪ ಸಿಕ್ಕ, ಸಾಕಲ್ಲ.

ಶುಕ್ರವಾರ ಬೆಳಿಗ್ಗೆ ಪೆಲಾಗಿಯಾಗೆ ಉಳಿದದ್ದನ್ನೆಲ್ಲ ಹೇಳಿ, ಅಪ್ಪ ಸಹಿ ಹಾಕಿದ ಕಾಗದ ತೋರಿಸಿದೆ; ಇಬ್ಬರೂ ಪ್ರಿಚರ್ಡನ ಮುಂದೆ ಹೋಗಿ ಕೂತೆವು. ಅವನು ಎಲ್ಲವನ್ನೂ ಎರಡೆರಡು ಸಲ ಓದಿ ಕೊನೆಗೆ ಮೊಹರು ಹೊಡೆದ. ಬರಾನ್ ಎಂಬ ಹೆಸರಿಗೆ ಗೆರೆ ಎಳೆದು, "ಹೆಸರು ಹೇಗೆ ಬರೀಬೇಕಮ್ಮ?" ಎಂದು ಕೇಳಿದ. ಮೂವತ್ತೇಳು ಬಗೆಯಲ್ಲಿ ಅದನ್ನು ಬರೆದಿಟ್ಟವಳು ಕಾಗದವನ್ನೇ ತನ್ನ ಕಡೆಗೆ ಎಳೆದುಕೊಂಡಳು. ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರವಾಗಿ ತಾನೇ ಬರೆದಳು. ಗೋರಿಯನ್ನು ಸೋಮವಾರ ತೆಗೆಯುತ್ತೇವೆ, ಹೆಂಡತಿಯ ಪಕ್ಕದಲ್ಲೇ ಇಡುತ್ತೇವೆ ಎಂದು ಪ್ರಿಚರ್ಡ್ ಹೇಳಿದ.

ಮನೆಗೆ ಬಂದು ಆಕೆ ಕಾಫಿಗೆ ನೀರಿಟ್ಟಳು. ನನ್ನ ಕಡೆ ಬೆನ್ನು ಮಾಡಿಯೇ ಕೇಳಿದಳು.

"ತಕ್ಷಣ ಹೋದ್ನಂತಾ ನಮ್ಮಪ್ಪ?"

"ಹೂಂ ತೆತಾ. ಕೊಳವೆ ಒಡೆದ ಕೂಡ್ಲೇ. ಏನೂ ತಿಳಿದಿರಲ್ಲ."

"ಸುಳ್ಳು ಹೇಳೋಕೆ ಬರಲ್ಲ ನಿನಗೆ, ನಿಮ್ಮ ಮನೆಯೋರ ಹಾಗಲ್ಲ ನೀನು." ತಿರುಗಿದಳು. "ಮೂವತ್ತು ವರ್ಷದಿಂದ ಸಾವಿನ ಪುಸ್ತಕ ಓದ್ತಿರೋಳು ಕಣೇ ನಾನು. ಸೋಮವಾರ ಆ ಚೀಟಿಯಲ್ಲಿ ಉಳಿದಿದ್ದನ್ನ ಮನಸ್ಸಲ್ಲೇ ಓದ್ಕೊಂಡೆನಲ್ಲ. ಅಪಘಾತ ಮಧ್ಯಾಹ್ನ ಹನ್ನೆರಡು, ಸಾವು ರಾತ್ರಿ ಒಂಬತ್ತು, ಜಾಗ ಸ್ವಂತ ಮನೆ, ಹತ್ತಿರ ಇದ್ದದ್ದು ಹೆಂಡತಿ. ಆ ಒಂಬತ್ತು ಗಂಟೆ ಕಾಲ ನಿಮ್ಮಜ್ಜಿ ಏನು ಮಾಡ್ತಿದ್ಲು? ಅಷ್ಟು ಹೇಳ್ಬಿಡು."

ನಾನು ಅಳುತ್ತಲೇ ಹೇಳಿದೆ. ಹೆಸರು ಹಿಡಿದು ಕೂಗುತ್ತಿದ್ದದ್ದನ್ನು ಹೇಳಿದೆ, ಹಾಡಿನದನ್ನೂ ಹೇಳಿದೆ. ಕ್ಷಮಿಸಿ ಅನ್ನಲು ಹೋದೆ, ಆ ಮಾತು ನನ್ನ ಬಾಯಲ್ಲೇ ಅಸಹ್ಯವಾಗಿ ಕೇಳಿಸಿ ನಿಲ್ಲಿಸಿದೆ. ಪೆಲಾಗಿಯಾ ಅಳಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ಒಲೆಯ ಮೇಲೆ ನೀರು ಕುದಿದು ಚೆಲ್ಲುತ್ತಿತ್ತು, ಇಬ್ಬರೂ ಏಳಲಿಲ್ಲ.

"ಅಮ್ಮ ಹೇಳ್ತಿದ್ಲು," ಅಂದಳು. "ಅಪ್ಪ ಬರಲಿಲ್ಲ ಅಂತ ಕತ್ತಲಾಗೋ ಹೊತ್ತಿಗೆ ಹುಡುಕ್ಕೊಂಡು ಬೀದಿಗೆ ಬಂದ್ಲಂತೆ, ನನ್ನ ಹೊಟ್ಟೇಲಿಟ್ಕೊಂಡು. ಪೋಲರ ಮನೇಲಿ ಯಾರೋ ಹಾಡ್ತಿದ್ರಂತೆ. ಅಂಥ ಹಾಡು ಅವಳು ಜನ್ಮದಲ್ಲಿ ಕೇಳಿರಲಿಲ್ವಂತೆ. ಕಾಲು ಹೆಪ್ಪುಗಟ್ತಿದ್ರೂ ಆ ಗೇಟಿನ ಹತ್ರ ನಿಂತ್ಕೊಂಡು ಎರಡು ಹಾಡು ಪೂರ್ತಿ ಕೇಳಿದ್ಲಂತೆ. ಆಮೇಲೆ ಅಪ್ಪನ್ನ ಹುಡುಕೋಕೆ ಬೆಟ್ಟದ ಕಡೆ ಹೋದ್ಲು."